ಮಾಕ್ ಸುಕ್‌ನ ಹದಿನಾರು ಪ್ರಯಾಣಿಕರು

ಕೌಲೂನಿನ ಕೆಂಪು ಮಿನಿಬಸ್ಸಿಗೆ ನಿಲ್ದಾಣ ಎಂಬುದು ಪ್ರಯಾಣಿಕರ ಗಂಟಲಲ್ಲಿರುತ್ತದೆ. ಯಾರು ಎಲ್ಲಿ ಕೂಗಿದರೋ ಅದೇ ನಿಲ್ದಾಣ. ಔಷಧಿ ಅಂಗಡಿಯ ಮುಂದೆ ಒಬ್ಬಳು, ಹುರಿದ ಬಾತುಗಳನ್ನು ನೇತುಹಾಕಿದ ಹೋಟೆಲಿನ ಮುಂದೆ ಇನ್ನೊಬ್ಬ, ಅಲ್ಲಿಂದ ನಾಲ್ಕು ಮಾರು ಹೋಗುವುದರೊಳಗೆ ಮತ್ತೊಬ್ಬ 'ಇಳಿಯೋರಿದ್ದಾರೆ' ಎಂದು ಕೂಗುತ್ತಾರೆ. ಕೇಳಿಸಿತು ಎಂದು ತೋರಿಸಲು ಚಾಲಕ ಒಂದು ಕೈ ಎತ್ತುತ್ತಾನೆ. ಮಾಕ್ ಚಾಕ್-ಲಾಮ್ ಮೂವತ್ತು ವರ್ಷ ಹೀಗೆ ಕೈ ಎತ್ತುತ್ತಲೇ ಇದ್ದ. ಹಾಗೆಂದು ಯಾವ ವಿಷಯದಲ್ಲೂ ಕೈ ಎತ್ತಿದವನಲ್ಲ.

ವಠಾರದವರೆಲ್ಲ ಅವನನ್ನು ಮಾಕ್ ಸುಕ್ ಎನ್ನುತ್ತಿದ್ದರು. ಸುಕ್ ಎಂದರೆ ಚಿಕ್ಕಪ್ಪ. ಅವನ ಮುಖವನ್ನು ನೋಡಿದ ಕನ್ನಡಿಗರು ಬೇರೆ ಅರ್ಥ ಮಾಡಿಕೊಂಡರೂ ತಪ್ಪೇನಿಲ್ಲ.

ಹದಿನಾರು ಸೀಟಿನ ಆ ಗಾಡಿಯನ್ನು ಓಡಿಸಿ ಓಡಿಸಿ ಅವನೊಳಗೊಂದು ಆಸೆ ಬೆಳೆದಿತ್ತು. ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆಂದು ಹೇಳಿರಲಿಲ್ಲ. ಒಂದು ಸಲವಾದರೂ ಹದಿನಾರು ಜನವೂ ಒಂದೇ ಕಡೆ ಹೊರಟು, ಒಂದೇ ಕಡೆ ತಿರುಗಿ, ಒಂದೇ ಕಡೆ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಆ ಆಸೆ ಈಡೇರುವ ಮೊದಲೇ ನಿವೃತ್ತಿ ಬಂತು.

ನಿವೃತ್ತನಾದ ಮೊದಲ ವಾರವೇ ಹೆಂಡತಿ ಬಿಕ್-ಹಾ ನೆಲ ಒರೆಸುವ ನೆಪ ಹೇಳಿ ಅವನನ್ನು ಹೊರಗಟ್ಟಿದಳು. ಬೀದಿ ಸುತ್ತುತ್ತ ಅವನು ತುಂಗ್ ಚೋಯ್ ರಸ್ತೆಗೆ ಬಂದ. ಅಲ್ಲಿನ ಮೀನಂಗಡಿಗಳು ಸಾರು ಮಾಡುವವರಿಗಲ್ಲ, ಸಾಕುವವರಿಗೆ. ನೀರು ತುಂಬಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲಗಳು, ಒಳಗೆ ಬಣ್ಣಬಣ್ಣದ ಮೀನುಗಳು, ಬಾಗಿಲ ಜಾಲರಿಯ ಮೇಲೆ ಗೊಂಚಲುಗೊಂಚಲಾಗಿ ತೂಗುತ್ತಿರುತ್ತವೆ. ಕಾನ್ ಅಕ್ಕನ ಅಂಗಡಿಯ ಒಳಗಿನ ದೊಡ್ಡ ತೊಟ್ಟಿಯ ಎದುರು ಮಾಕ್ ಸುಕ್ ನಿಂತವನು ನಿಂತೇ ಬಿಟ್ಟ. ಬೆರಳುದ್ದವೂ ಇಲ್ಲದ ಬೆಳ್ಳಿ ಮೀನುಗಳು. ಮೂಗು ಕೆಂಪು, ಬಾಲ ಕಪ್ಪುಬಿಳುಪು ಪಟ್ಟೆಯ ಕತ್ತರಿ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತೆ ಎಡಕ್ಕೆ ಹೋದವು. ಯಾರೂ ಕೂಗಲಿಲ್ಲ, ಯಾರೂ ಇಳಿಯಲಿಲ್ಲ. ಎಲ್ಲವೂ ಒಮ್ಮೆಗೇ ಹೊರಳಿ ಬಲಕ್ಕೆ ಬಂದವು.

ಇವು ಒಂಟಿಯಾಗಿ ಬದುಕುವ ಜಾತಿಯಲ್ಲ, ಕಡಿಮೆ ತೆಗೆದುಕೊಂಡರೆ ಕೊರಗುತ್ತವೆ ಎಂದು ಕಾನ್ ಅಕ್ಕ ಎಚ್ಚರಿಸಿ, ಎಷ್ಟು ಕಟ್ಟಲಿ ಎಂದು ಕೇಳಿದಳು. ಹದಿನಾರು ಎಂದ. ಮೀನಮೇಷ ಎಣಿಸುವ ಗಿರಾಕಿಗಳನ್ನೇ ಕಂಡಿದ್ದ ಅವಳಿಗೆ, ಮೇಷವನ್ನು ಬಿಟ್ಟು ನೇರವಾಗಿ ಮೀನ ಎಣಿಸಿದ ಮನುಷ್ಯ ಇವನೊಬ್ಬನೇ. ಪಕ್ಕದ ತೊಟ್ಟಿಯಲ್ಲಿ ತಟ್ಟೆಯಗಲದ ಜೋಲುತುಟಿಯ ಮೀನೊಂದು ಗಾಜಿಗೆ ಮುಖವೊತ್ತಿ ಈ ಕಡೆಗೇ ದುರುಗುಟ್ಟುತ್ತಿತ್ತು. ಮಾಕ್ ಸುಕ್ ಅದನ್ನು ನೋಡಿದ, ನೋಡಿ ಮರೆತ. ಕಾನ್ ಅಕ್ಕ ಅದರ ಸುದ್ದಿ ಎತ್ತಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಎಲ್ಲ ಸುದ್ದಿಯನ್ನೂ ಎತ್ತಬಾರದು.

ಕೌಲೂನಿನ ಭಾಷೆಯಲ್ಲಿ ಹೆಂಡತಿಗೆ ಮದುವೆಯ ಮರುದಿನದಿಂದಲೇ ಮುದುಕಿ ಎನ್ನುವುದು ರೂಢಿ, ಗಂಡನಿಗೆ ಮುದುಕ. ಈ ದಂಪತಿ ಬಹುಕಾಲ ಕಾದು ಈಗ ಆ ಹೆಸರುಗಳಿಗೆ ತಕ್ಕವರಾಗಿದ್ದರು. ಅವರ ಮನೆಯಾದರೋ, ಒಬ್ಬರು ಮೈ ಮುರಿದರೆ ಇನ್ನೊಬ್ಬರು ಕಣ್ಣು ಮುಚ್ಚಿಕೊಳ್ಳಬೇಕಾದಷ್ಟು ಅಗಲ. ಅದರಲ್ಲಿ ಖಾಲಿ ಎನ್ನಬಹುದಾದ ಜಾಗ ಒಂದೇ, ಬಾಗಿಲಿನ ನೇರಕ್ಕೆ. ಅಲ್ಲಿ ನಾಲ್ವರು ಸುತ್ತ ಕೂತು ಕಾಯಿ ಇಟ್ಟು ಆಡುವ ಮಜಾಂಗ್ ಆಟದ ಮೇಜು ಹಾಕಬೇಕೆಂಬುದು ಬಿಕ್-ಹಾಳ ಬಹುದಿನದ ಕನಸು. ಇಷ್ಟು ದಿನ ಮಂಚದ ಮೇಲೆ ಹಲಗೆ ಹಾಕಿಕೊಂಡು ಆಡಿ ಅವಳ ಸೊಂಟ ಬಿದ್ದುಹೋಗಿತ್ತು. ಒಂದು ದಿನ ಅವಳು ಮೀನು ಮಾರ್ಕೆಟ್ಟಿಗೆ ಹೋಗಿ ಬರುವುದರೊಳಗೆ ಆ ಜಾಗದಲ್ಲಿ ಗಾಜಿನ ತೊಟ್ಟಿ ಕೂತಿತ್ತು. ಬೆಂಕಿಪೊಟ್ಟಣದಂಥ ಮನೆ ಹೀಗೆ ತೊಟ್ಟಿಮನೆಯಾಯಿತು.

ಬಿಕ್-ಹಾ ಕೂಗಾಡಲಿಲ್ಲ. ಇಷ್ಟು ಮೀನು ಉಪ್ಪು ಹಾಕಿ ಬೇಯಿಸಿದರೂ ಒಬ್ಬರ ಹಲ್ಲಿನ ಸಂದಿಗೆ ಸಾಲದಲ್ಲ ಎಂದಷ್ಟೇ ಕೇಳಿದಳು. ಮಾಕ್ ಸುಕ್ ಉತ್ಸಾಹದಿಂದ ತೊಟ್ಟಿಯ ಕಡೆ ಕೈ ತೋರಿಸಿದ. ಹೊಸ ನೀರು, ಹೊಸ ಮನೆ. ಹದಿನಾರೂ ಮೈಗೆ ಮೈ ತಾಗಿಸಿ ಸಾಲಾಗಿ ಹೋಗುತ್ತಿದ್ದವು. ಯಾವಾಗಲೂ ಹೀಗೇ ಇರುತ್ತವೆ, ಮನೆಗೆ ಒಗ್ಗಟ್ಟು ತರುತ್ತವೆ ಎಂದು ಅವನು ಬೀಗಿದ.

"ಸರಿ ಮುದುಕಾ, ದುಂಗ್ ಚಿ ಹಬ್ಬದವರೆಗೆ ನೋಡೋಣ," ಎಂದಳು ಬಿಕ್-ಹಾ. "ಹಬ್ಬದ ದಿನ ಇವು ಹೀಗೇ ಒಟ್ಟಿಗಿದ್ರೆ ತೊಟ್ಟಿ ಇಲ್ಲೇ ಇರ್ಲಿ. ಚೆಲ್ಲಾಪಿಲ್ಲಿ ಆಗಿದ್ರೆ ಅಣ್ಣ ಎತ್ಕೊಂಡು ಹೋಗ್ತಾನೆ. ಅವನಿಗೂ ಅಂಗಡಿ ಗಲ್ಲಾ ಪಕ್ಕ ಏನಾದ್ರೂ ಇಡ್ಬೇಕಂತೆ."

ದುಂಗ್ ಚಿ ಎಂದರೆ ವರ್ಷದ ಅತಿ ಸಣ್ಣ ಹಗಲಿನ ದಿನ. ಅಂದು ಅಂಗಡಿ ಕಚೇರಿಗಳೆಲ್ಲ ಬೇಗ ಮುಚ್ಚಿ, ಮನೆಯವರು ಒಟ್ಟಿಗೆ ಕೂತು ಶುಂಠಿ ಪಾಕದಲ್ಲಿ ಮುಳುಗಿಸಿದ ಅಕ್ಕಿಹಿಟ್ಟಿನ ಉಂಡೆ ತಿನ್ನುತ್ತಾರೆ. ಉಂಡೆ ದುಂಡಗಿದ್ದಷ್ಟೂ ಸಂಸಾರ ಇಡಿಯಾಗಿರುತ್ತದೆಂದು ನಂಬಿಕೆ. ಬಿಕ್-ಹಾಳ ಅಣ್ಣ ಕ್ವಾನ್ ಹೋಯ್-ಮಿಂಗ್ ಬಣ್ಣದ ಅಂಗಡಿಯವನು. ಅಗಲ ಮುಖ, ಉಬ್ಬಿದ ಕಣ್ಣು. ತಂಗಿಯ ಗಂಡ ಮಿನಿಬಸ್ಸಿನವನೆಂಬ ಬೇಸರ ಕೆಳತುಟಿಯಲ್ಲಿ ಕಾಯಂ ಆಗಿ ಜೋತುಬಿದ್ದಿರುತ್ತಿತ್ತು. ಈ ಭಾವನಿಗೆ ತೊಟ್ಟಿ ಕೊಡುವುದೆಂದರೆ ಮಾಕ್ ಸುಕ್‌ಗೆ ಸ್ಟೀರಿಂಗ್ ಬಿಟ್ಟುಕೊಟ್ಟ ಹಾಗೆ. ಆದರೂ ಒಪ್ಪಿಕೊಂಡ. ಮೀನುಗಳ ಮೇಲೆ ಅಷ್ಟು ಭರವಸೆ.

ಭರವಸೆ ಒಂದು ವಾರ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಎರಡು ಮೀನು ಪಾಚಿಯ ಹತ್ತಿರ, ಮೂರು ಕಲ್ಲಿನ ಹಿಂದೆ, ಒಂದು ಮೇಲೆ, ಒಂದು ಕೆಳಗೆ, ಇನ್ನೊಂದು ಏನೂ ಕೆಲಸವಿಲ್ಲದೆ ಮೂಲೆಯಲ್ಲಿ. ಎಲ್ಲವೂ ಎಲ್ಲಿ ಬೇಕೋ ಅಲ್ಲಿ ಇಳಿದುಕೊಂಡಿದ್ದವು. ಮಾಕ್ ಸುಕ್ ಬುದ್ಧಿ ಹೇಳಿದ. ಬೈದ. ತನ್ನ ಹಳೆಯ ಗಾಡಿಯ ಬೋರ್ಡನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು, ಹೋಗಬೇಕಾದ ಊರು ಕಾಣಲೆಂದು ತೊಟ್ಟಿಯ ಬಲಬದಿಗೆ ಅಂಟಿಸಿದ. ಮೀನುಗಳಿಗೆ ಓದು ಬರಲಿಲ್ಲ.

ಕಾನ್ ಅಕ್ಕನ ಹತ್ತಿರ ಹೋಗಿ ಜಗಳ ತೆಗೆದ. ಅಂಗಡಿಯಲ್ಲಿ ಸಾಲು, ಮನೆಯಲ್ಲಿ ಸಂತೆ, ಇದೆಂಥ ಮಾಲು ಎಂದು ಕೇಳಿದ. ಅವಳು ಚೀಲಕ್ಕೆ ಗಂಟು ಹಾಕುತ್ತಲೇ, ಮೀನಿಗೆ ಮನೆ ಒಗ್ಗಿದೆ, ಅದಕ್ಕೇ ಕಾಲು ಚಾಚಿವೆ, ಸಂತೋಷಪಡಿ ಎಂದಳು. ಮೀನಿಗೆ ಕಾಲೆಲ್ಲಿಂದ ಬಂತು ಎಂದು ಅವನು ಸಿಡುಕಿದ. ತನ್ನ ಮಾಲಿನ ಕೊರತೆ ಮುಚ್ಚಲು ಹೆಂಗಸು ಸಬೂಬು ಹೇಳುತ್ತಿದ್ದಾಳೆ ಎಂದುಕೊಂಡು ವಾಪಸ್ಸಾದ. ಹಬ್ಬ ಹತ್ತಿರವಾಗುತ್ತಿತ್ತು. ಬಿಕ್-ಹಾ ತೊಟ್ಟಿಯ ಮುಂದೆ ಹಾದುಹೋಗುವಾಗಲೆಲ್ಲ ಗೇಣು ಹಾಕಿ ಮೇಜಿನ ಅಳತೆ ನೋಡತೊಡಗಿದಳು.

ಈ ಹೊತ್ತಿಗೆ ಎದುರು ಬಾಗಿಲಿನ ಯಿಪ್ ತಾಯ್ ರಂಗಕ್ಕೆ ಬಂದಳು. ಅಲ್ಲಿ ಶ್ರೀಮತಿಯರನ್ನು ತಾಯ್ ಎನ್ನುತ್ತಾರೆ. ಹಾಗೆ ಕರೆಸಿಕೊಳ್ಳಲು ತಾಯ್ತನದ ಅಗತ್ಯವಿಲ್ಲ. ಯಿಪ್ ತಾಯ್ ವಿಧವೆ, ಬಿಕ್-ಹಾಳ ಮಜಾಂಗ್ ಜೊತೆಗಾತಿ. ತೊಟ್ಟಿ ಬಂದ ದಿನದಿಂದ ಅವಳು ಆಟದಲ್ಲಿ ಒಂದೇ ಸಮನೆ ಸೋಲುತ್ತಿದ್ದಳು. ತನ್ನ ಬಾಗಿಲಿನ ನೇರಕ್ಕೆ ನೀರು ಇಟ್ಟರೆ ತನ್ನ ಅದೃಷ್ಟ ಇನ್ನೆಲ್ಲಿಗೆ ಹೋದೀತು, ಅದರಲ್ಲೇ ಕೊಚ್ಚಿಹೋಗುತ್ತಿದೆ ಎಂದು ಲೆಕ್ಕ ಹಾಕಿದಳು. ಮರುದಿನ ಅವಳ ಬಾಗಿಲ ಮೇಲೆ ಎಂಟು ಮೂಲೆಯ ಕನ್ನಡಿಯೊಂದು ದಾರದಲ್ಲಿ ತೂಗಾಡುತ್ತಿತ್ತು, ಮುಖ ಸರಿಯಾಗಿ ಮಾಕ್ ಸುಕ್‌ನ ಮನೆಯ ಕಡೆಗೆ. ಬಂದ ಕೇಡನ್ನು ಬಂದಲ್ಲಿಗೇ ತಿರುಗಿಸಿ ಕಳಿಸುವ ಕನ್ನಡಿ ಅದು. ಅದನ್ನು ಸುಮ್ಮನೆ ನೋಡಿಕೊಂಡು ಕೂರುವವನು ಆ ವಠಾರದಲ್ಲಿ ಗಂಡಸೆನಿಸಿಕೊಳ್ಳಲಾರ. ತಾನೂ ಒಂದು, ಅದಕ್ಕಿಂತ ದೊಡ್ಡದು, ನೇತುಹಾಕಿ ಕೇಡಿಗೆ ವಾಪಸ್ ಟಿಕೆಟ್ ಕೊಡಬೇಕು.

ಮಾಕ್ ಸುಕ್ ಅದೇ ಸಂಜೆ ಸುತ್ತಿಗೆ ಹಿಡಿದು ಬಾಗಿಲಲ್ಲಿ ಸ್ಟೂಲು ಹಾಕಿದ. ಹತ್ತುವ ಮುನ್ನ ಯಾಕೋ ಒಳಗೆ ತಿರುಗಿ ನೋಡಿದ. ತೊಟ್ಟಿಯಲ್ಲಿ ಹದಿನಾರೂ ಒಂದೇ ಸಾಲು. ಎಡಕ್ಕೆ, ಹೊರಳಿ ಬಲಕ್ಕೆ, ಮತ್ತೆ ಎಡಕ್ಕೆ. ಕೆಂಪು ಮೂಗುಗಳೆಲ್ಲ ಕೆಂಪು ದೀಪ ಹೊತ್ತಿಸಿಕೊಂಡ ಗಾಡಿಗಳಂತೆ ಒಂದರ ಹಿಂದೊಂದು.

ಅವನು ಸ್ಟೂಲಿನ ಮೇಲೆ ಹತ್ತಿದ, ಸಾಲು ಒಡೆಯಿತು. ಇಳಿದು ಪಕ್ಕಕ್ಕೆ ಸರಿದ, ಸಾಲು ಕೂಡಿತು. ಓಣಿಯ ತುದಿಯ ಕಿಟಕಿಯಿಂದ ಇಳಿಬಿಸಿಲು ಬಂದು ಕನ್ನಡಿಗೆ ಬಡಿದು, ಗಾಳಿಗೆ ಕನ್ನಡಿ ಅಲುಗಿದಂತೆಲ್ಲ ಬೆಳಕಿನ ತುಂಡೊಂದು ಕಬ್ಬಿಣದ ಗೇಟನ್ನು ತೂರಿ ತೊಟ್ಟಿಯ ಮೇಲೆ ಕುಣಿಯುತ್ತಿತ್ತು. ಯಾಕೆ ಹೀಗೆ ಎಂದು ಬೇರೆಯವರಾದರೆ ಯೋಚಿಸುತ್ತಿದ್ದರು. ಮಾಕ್ ಸುಕ್‌ಗೆ ಯೋಚನೆಯೇ ಬೇಕಾಗಲಿಲ್ಲ, ಹೆಮ್ಮೆಯಾಯಿತು. ಯಿಪ್ ತಾಯ್ ಕಳಿಸಿದ ಕೇಡು ಮನೆಗೆ ನುಗ್ಗುತ್ತಿದೆ, ತನ್ನ ಮೀನುಗಳು ಪಡೆ ಕಟ್ಟಿಕೊಂಡು ಎದುರಿಸುತ್ತಿವೆ. ಸುತ್ತಿಗೆ ಸ್ವಸ್ಥಾನಕ್ಕೆ ಹೋಯಿತು.

ಈಗ ಉಳಿದ ಕೆಲಸ ಒಂದೇ: ಹಬ್ಬದವರೆಗೆ ಆ ಕನ್ನಡಿ ಕೆಳಗಿಳಿಯದಂತೆ ನೋಡಿಕೊಳ್ಳುವುದು. ಅದರಿಂದ ಇವನಿಗೆ ಲಾಭವಾಗುತ್ತಿದೆ ಎಂಬ ವಾಸನೆ ಬಡಿದರೂ ಸಾಕು, ಯಿಪ್ ತಾಯ್ ಕಿತ್ತು ಬಿಸಾಡಿಯಾಳು. ಆದ್ದರಿಂದ ನಷ್ಟವಾಗುತ್ತಿರುವಂತೆ ಕಾಣಬೇಕು. ಮಾಕ್ ಸುಕ್ ಕೆಮ್ಮಲು ಶುರುಮಾಡಿದ. ಓಣಿಯಲ್ಲಿ ಒಂದು ಕಾಲೆಳೆದು ನಡೆದ. ಲಿಫ್ಟಿನಲ್ಲಿ ಗೋಡೆಗೊರಗಿ ಉಸಿರುಬಿಟ್ಟ.

"ಯಾಕೋ ಯಿಪ್ ತಾಯ್, ಒಂದು ವಾರದಿಂದ ಎದೆ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟ ಹಾಗಿದೆ," ಎಂದ, ಅವಳ ಬಾಗಿಲಲ್ಲೇ ನಿಂತು.

"ವಯಸ್ಸಾಯ್ತು ಮಾಕ್ ಸುಕ್," ಎಂದಳು ಅವಳು, ಬಾಗಿಲ ಮೇಲ್ಗಡೆಗೆ ಗಲ್ಲ ತೋರಿಸುತ್ತ. "ಆಗಾಗ ಕನ್ನಡಿ ನೋಡ್ಕೋಬೇಕು."

ಆ ವಾರ ಮಜಾಂಗಿನಲ್ಲಿ ಅವಳು ಗೆದ್ದಳು. ಕನ್ನಡಿಯ ಮೇಲೆ ಅವಳಿಗಿದ್ದ ನಂಬಿಕೆ ಇಮ್ಮಡಿಸಿ, ಕನ್ನಡಿಯೂ ಇಮ್ಮಡಿ ಗಾತ್ರದ್ದಾಯಿತು. ಸಂಜೆ ಈಗ ತೊಟ್ಟಿಯಲ್ಲಿ ಮೀನುಗಳು ಹೆಣೆದ ಜಡೆಯ ಹಾಗೆ ಓಡಾಡುತ್ತಿದ್ದವು. ಬಿಕ್-ಹಾಳೂ ನೋಡಿದಳು, ಮೂಗು ಮುರಿದಳು, ಗೇಣು ಹಾಕುವುದನ್ನು ನಿಲ್ಲಿಸಿದಳು.

ಎಲ್ಲವೂ ಸುಸೂತ್ರವಾಗಿತ್ತು, ಕಷಾಯದ ಹೊರತು. ಹೆಂಡತಿಗೆ ನಿಜ ಹೇಳುವಂತಿರಲಿಲ್ಲ. ಬಿಕ್-ಹಾಗೆ ತಿಳಿದದ್ದು ಮಜಾಂಗ್ ಕಾಯಿ ಕಲಸುವುದರೊಳಗೆ ಯಿಪ್ ತಾಯ್‌ಗೂ ತಿಳಿಯುತ್ತಿತ್ತು. ಗಂಡನ ಕೆಮ್ಮು ಕೇಳಿ ಕೇಳಿ ಅವಳು ಗಿಡಮೂಲಿಕೆ ಅಂಗಡಿಯಿಂದ ಬೇರು, ತೊಗಟೆ, ಯಾವುದೋ ಹುಳುವಿನ ಒಣ ಸಿಪ್ಪೆ ತಂದು ಮಡಕೆಯಲ್ಲಿ ಕುದಿಸಿ, ಟಾರಿನಷ್ಟು ಕಪ್ಪಗಿನ ಬಟ್ಟಲನ್ನು ಅವನ ಮುಂದಿಟ್ಟು, ಕುಡಿದು ಮುಗಿಸುವವರೆಗೂ ಎದುರೇ ಕೂರುತ್ತಿದ್ದಳು. ಮಾಕ್ ಸುಕ್ ಮೀನುಗಳನ್ನು ನೋಡುತ್ತ ಕುಡಿದ. ಒಗ್ಗಟ್ಟು ಇಷ್ಟು ಕಹಿ ಎಂದು ಅವನಿಗೆ ಗೊತ್ತಿರಲಿಲ್ಲ.

ಭಾವನಿಗೆ ಅವನೇ ಫೋನು ಮಾಡಿ, ಹಬ್ಬದ ದಿನ ಬಿಸಿಲಿರುವಾಗಲೇ ಬನ್ನಿ, ಕತ್ತಲಾದ ಮೇಲೆ ಬರಬೇಡಿ ಎಂದು ಒತ್ತಾಯಿಸಿದ. ಇಷ್ಟು ವರ್ಷದಲ್ಲಿ ಇವನಿಂದ ಬಂದ ಮೊದಲ ಆಹ್ವಾನ ಅದು. ಕ್ವಾನ್‌ಗೆ ಅನುಮಾನ ಬಂದರೂ ಒಪ್ಪಿದ. ಹಬ್ಬದ ಹಿಂದಿನ ದಿನ ಮಾಕ್ ಸುಕ್ ಕೊನೆಯ ಆಟ ಆಡಿದ. ಯಿಪ್ ತಾಯ್ ತರಕಾರಿ ಹಿಡಿದು ಬರುತ್ತಿದ್ದುದನ್ನು ನೋಡಿ, ಗೇಟಿನ ಸರಳು ಹಿಡಿದು, ಮೆಲ್ಲಗೆ ಜಾರುತ್ತ ಓಣಿಯ ನೆಲದ ಮೇಲೆ ಕುಸಿದು ಕೂತ. ಚೆನ್ನಾಗಿಯೇ ಮಾಡಿದ. ಅವಳ ಕೈಯಿಂದ ಮೂಲಂಗಿ ಬಿದ್ದುಹೋಯಿತು.

ಹಬ್ಬದ ದಿನ ಕ್ವಾನ್ ಅಳತೆಯ ಟೇಪು ಜೇಬಿನಲ್ಲಿಟ್ಟುಕೊಂಡೇ ಬಂದ. ಬಿಸಿಲು ಆಗಷ್ಟೇ ಓಣಿಗೆ ಇಳಿಯುತ್ತಿತ್ತು. ಉಂಡೆಗಳು ಪಾಕದಲ್ಲಿ ತೇಲುತ್ತಿದ್ದವು. ಮಾಕ್ ಸುಕ್ ಗಂಟಲು ಸರಿಮಾಡಿಕೊಂಡು, ಸರ್ಕಸ್ ಕಂಪನಿಯವನ ಹಾಗೆ ತೊಟ್ಟಿಯ ಪಕ್ಕ ನಿಂತು, ಇನ್ನೇನು ನೋಡಿ ಭಾವ ಎನ್ನಬೇಕು, ಅಷ್ಟರಲ್ಲಿ ಗೇಟಿನ ಸದ್ದಾಯಿತು. ಯಿಪ್ ತಾಯ್ ನಿಂತಿದ್ದಳು. ಒಂದು ಕೈಯಲ್ಲಿ ತಾವರೆಬೇರು, ಹಂದಿಮೂಳೆ ಹಾಕಿ ಕುದಿಸಿದ ಸಾರಿನ ಪಾತ್ರೆ. ಇನ್ನೊಂದು ಕಂಕುಳಲ್ಲಿ ಕನ್ನಡಿ.

"ನಿನ್ನೆಯಿಂದ ನಂಗೆ ಅನ್ನ ಇಳೀತಿಲ್ಲ ಮಾಕ್ ಸುಕ್," ಎಂದಳು. "ಆಟದಲ್ಲಿ ಗೆಲ್ಲೋಕೆ ಅಂತ ಹಾಕಿದ್ದು. ನಿಮ್ಮನ್ನ ಮೇಲಕ್ಕೆ ಕಳಿಸೋಕಲ್ಲ."

"ಅಯ್ಯೋ, ಇರ್ಲಿ ಬಿಡಿ, ಬಾಗಿಲಿಗೆ ಲಕ್ಷಣವಾಗಿತ್ತು," ಎಂದ ಮಾಕ್ ಸುಕ್ ಗಾಬರಿಯಿಂದ. "ವಾಪಸ್ ಹಾಕ್ಬಿಡಿ. ನಾನೇ ಹಾಕ್ಕೊಡ್ತೀನಿ, ಸ್ಟೂಲು ಇಲ್ಲೇ ಇದೆ."

ಸಾಯುತ್ತಿರುವವನ ಈ ದೊಡ್ಡ ಮನಸ್ಸು ಕಂಡು ಯಿಪ್ ತಾಯ್ ಕಣ್ಣೊರೆಸಿಕೊಂಡಳು. ಕನ್ನಡಿಯನ್ನು ಮುಖ ಕೆಳಗಾಗಿ ಮಂಚದಡಿಗೆ ತಳ್ಳಿ, ಸಾರು ಬಡಿಸಿ ಅವನಿಗೆ ಕುಡಿಸಲು ಕೂತೇಬಿಟ್ಟಳು. ತೊಟ್ಟಿಯಲ್ಲಿ ಒಂದು ಮೀನು ಪಾಚಿಯ ಹತ್ತಿರ ಇಳಿಯಿತು. ಎರಡು ಕಲ್ಲಿನ ಹಿಂದೆ ಹೋದವು. ಉಳಿದವು ತಮತಮಗೆ ತೋಚಿದ ಕಡೆ.

ಬಿಕ್-ಹಾ ಅಣ್ಣನ ಕಡೆ ತಲೆಯಾಡಿಸಿದಳು. ಕ್ವಾನ್ ಉಂಡೆಯನ್ನು ನುಂಗಿ, ಟೇಪು ಬಿಚ್ಚಿ, ತೊಟ್ಟಿಯ ಅಗಲ ಅಳೆಯಲು ಬಗ್ಗಿದ. ಅಂಕಿ ಕಾಣದೆ ಇನ್ನಷ್ಟು ಬಗ್ಗಿದ. ಅವನ ಅಗಲ ಮುಖ, ಉಬ್ಬಿದ ಕಣ್ಣು, ಜೋಲುತುಟಿ ಎಲ್ಲ ಗಾಜಿಗೆ ಗೇಣಳತೆಯಲ್ಲಿ ಬಂದವು.

ಹದಿನಾರೂ ಒಂದೇ ಏಟಿಗೆ ಸಾಲುಗಟ್ಟಿದವು.

ಕ್ವಾನ್ ಬೆನ್ನು ನೆಟ್ಟಗೆ ಮಾಡಿದ. ಸಾಲು ಮೆಲ್ಲನೆ ಬಿಚ್ಚಿತು. ಏನಾಯಿತೆಂದು ತಿಳಿಯದೆ ಮತ್ತೆ ಬಗ್ಗಿದ. ಮತ್ತೆ ಸಾಲು, ಈ ಸಲ ದೂರದ ಮೂಲೆಯಲ್ಲಿ, ಇನ್ನೂ ಬಿಗಿಯಾಗಿ. ಯಿಪ್ ತಾಯ್ ಸಾರಿನ ಸೌಟು ಎತ್ತಿಹಿಡಿದುಕೊಂಡೇ ಉಳಿದಳು.

"ಇನ್ನೊಂದ್ಸಲ ಬಗ್ಗು ಅಣ್ಣ," ಎಂದಳು ಬಿಕ್-ಹಾ, ತುಂಬ ಗಂಭೀರವಾಗಿ.

ಅವನು ಬಗ್ಗಿದ. ಪಾಪ, ತಂಗಿಯ ಮಾತು. ಮೊದಲು ನಕ್ಕವಳು ಯಿಪ್ ತಾಯ್. "ಹೆದ್ರಿಕೆ ಕಣೇ ಬಿಕ್-ಹಾ. ನಿಮ್ಮಣ್ಣನ್ನ ನೋಡಿ ಯಾವುದೋ ದೊಡ್ಡ ಮೀನು ಅಂದ್ಕೊಂಡಿವೆ."

ಮಾಕ್ ಸುಕ್‌ಗೆ ಕಾನ್ ಅಕ್ಕನ ಅಂಗಡಿಯ ಪಕ್ಕದ ತೊಟ್ಟಿ, ಅದರೊಳಗಿನ ಜೋಲುತುಟಿ ಥಟ್ಟನೆ ನೆನಪಾಯಿತು. ಆ ನೆನಪಿನ ಹಿಂದೆಯೇ ಇನ್ನೊಂದು ನೆನಪು. ಅವನ ಗಾಡಿಯಲ್ಲಿ ಹದಿನಾರೂ ಜನ ಮಾತು ನಿಲ್ಲಿಸಿ, ಮುಂದಿನ ಸೀಟಿನ ಸರಳು ಹಿಡಿದು, ಒಂದೇ ಕಡೆ ನೋಡುತ್ತಿದ್ದ ಸಂದರ್ಭ ಇಲ್ಲದೇ ಇರಲಿಲ್ಲ. ಇಳಿಜಾರಿನ ತಿರುವಿನಲ್ಲಿ ಅವನು ವೇಗ ಹೆಚ್ಚಿಸಿದಾಗ. ಅದನ್ನು ಒಗ್ಗಟ್ಟು ಎಂದು ಆಗ ಯಾರೂ ಕರೆದಿರಲಿಲ್ಲ. ಭಾವ ನಾಲ್ಕನೆಯ ಸಲ ಬಗ್ಗುತ್ತಿದ್ದ. ಮಾಕ್ ಸುಕ್ ತಡೆಯಲಾರದೆ ಹೊಟ್ಟೆ ಹಿಡಿದು, ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅವನ ನಗು ಮುಗಿಯುವವರೆಗೂ ಬಿಕ್-ಹಾ ಕಾದಳು. "ಮುದುಕಾ, ಕೆಮ್ಮು ಎಲ್ಲಿ ಹೋಯ್ತು?"

ಯಿಪ್ ತಾಯ್ ಅವನನ್ನು ನೋಡಿದಳು, ಖಾಲಿಯಾದ ಸಾರಿನ ಬಟ್ಟಲನ್ನು ನೋಡಿದಳು, ಮಂಚದಡಿಯ ಕನ್ನಡಿಯನ್ನು ನೋಡಿದಳು, ತೆರೆದ ಬಾಗಿಲಿನಿಂದ ತೊಟ್ಟಿಯವರೆಗೆ ಕಣ್ಣಲ್ಲೇ ಒಂದು ಗೆರೆ ಎಳೆದಳು. ಮಜಾಂಗ್ ಆಡುವವರಿಗೆ ಇಷ್ಟು ಕಾಯಿ ಕಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಮಾಕ್ ಸುಕ್ ಎಲ್ಲವನ್ನೂ ಒಪ್ಪಿಕೊಂಡ. ಒಪ್ಪಿಕೊಳ್ಳದೆ ಉಳಿಸಿಕೊಂಡದ್ದೇನೂ ಇರಲಿಲ್ಲ.

"ನನ್ನ ಸಾರು ವಾಪಸ್ ಕೊಡಿ," ಎಂದಳು ಯಿಪ್ ತಾಯ್.

ಕೊಡಲು ಮೂಳೆ ಮಾತ್ರ ಉಳಿದಿತ್ತು. ಹಾಗಾದರೆ ಇನ್ನುಮುಂದೆ ಆಟವೆಲ್ಲ ತನ್ನ ಮನೆಯಲ್ಲಿ, ಈ ನೀರಿನ ಎದುರು ತಾನು ಕೂರುವುದಿಲ್ಲ, ಮೇಜು ತನ್ನಲ್ಲೇ ಹಾಕಿಸುತ್ತೇನೆ ಎಂದು ಅವಳು ತೀರ್ಮಾನ ಕೊಟ್ಟಳು. ಬಿಕ್-ಹಾಳ ಮುಖ ಅರಳಿತು. ಕ್ವಾನ್ ಮಾತ್ರ ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು, ತನಗೆ ಈ ತೊಟ್ಟಿ ಬೇಡವೆಂದ. ಯಜಮಾನ ಗಲ್ಲಾದಲ್ಲಿ ಕೂತಾಗಲೆಲ್ಲ ಮೀನು ಮೂಲೆಗೋಡುವುದನ್ನು ಗಿರಾಕಿಗಳು ನೋಡಿದರೆ ಬಣ್ಣ ಕೊಳ್ಳುವವರು ಯಾರು? ಅವನ ಬಣ್ಣವೇ ಬಯಲಾದಂತೆ.

ಮಾಕ್ ಸುಕ್ ಹೆಂಡತಿಯ ಕಡೆ ನೋಡಿದ. ಕರಾರು ಕರಾರೇ.

"ಹಬ್ಬದ ದಿನ ಒಟ್ಟಿಗಿರ್ಬೇಕು ಅಂದಿದ್ದೆ, ಇದ್ವು," ಎಂದಳು ಬಿಕ್-ಹಾ. "ಯಾರ ಮುಖ ನೋಡಿ ಅಂತ ಮಾತಾಗಿರ್ಲಿಲ್ಲ. ಇರ್ಲಿ ಬಿಡು. ಆದ್ರೆ ಮಡಕೇಲಿ ಕಷಾಯ ಇನ್ನೂ ಇದೆ, ಅದನ್ನ ಮುಗಿಸು."

ಮುಗಿಸಿದ.

ಅಂದು ಬಿಕ್-ಹಾ ಫೋನಿನಲ್ಲಿ ತೆಗೆದಿ​ದ್ದ ಚಿತ್ರಗಳಲ್ಲಿ ಒಂದರಲ್ಲಿ ಕ್ವಾನ್, ಬಾಯಲ್ಲಿ ಉಂಡೆ ಇಟ್ಟುಕೊಂಡು, ಕ್ಯಾಮೆರಾವನ್ನೇ ದುರುಗುಟ್ಟುತ್ತಿದ್ದ. ಮಾಕ್ ಸುಕ್ ಅದನ್ನು ತಟ್ಟೆಯಗಲಕ್ಕೆ ದೊಡ್ಡದು ಮಾಡಿಸಿ ತೊಟ್ಟಿಯ ಹಿಂದೆ ಸಿಕ್ಕಿಸಿಟ್ಟ. ಮೀನು ನೋಡಲು ಯಾರಾದರೂ ಬಂದರೆ ಮೆಲ್ಲಗೆ ಮೇಲಕ್ಕೆಳೆಯುವುದು, ಸಾಲು ನೋಡಿ ಬಂದವರು ಬೆರಗಾಗುವುದು, ಮತ್ತೆ ಕೆಳಗಿಳಿಸುವುದು. ಗಂಡ ಇಲ್ಲದಾಗ ಬಿಕ್-ಹಾಳೂ ಗೆಳತಿಯರಿಗೆ ಎಳೆದು ತೋರಿಸುತ್ತಿದ್ದಳು.

ಹೊಸ ವರ್ಷಕ್ಕೆ ಕ್ವಾನ್ ಶುಭ ಹೇಳಲು ಬಂದಾಗ ಆ ಚಿತ್ರವನ್ನು ಕೆಳಗಿಳಿಸಲು ಇಬ್ಬರೂ ಮರೆತಿದ್ದರು. ಹಬ್ಬಕ್ಕೆಂದು ಜೋಡಿಸಿದ ಕಿತ್ತಳೆ ಹಣ್ಣುಗಳ ನಡುವೆ, ನೀರಿನ ಹಿಂದೆ, ತನ್ನದೇ ಮುಖ. ತಂಗಿಯ ಗಂಡ ತನ್ನನ್ನು ಮನೆಯ ಮುಖ್ಯ ಜಾಗದಲ್ಲಿ ಇಟ್ಟಿದ್ದಾನೆ, ಇಷ್ಟು ವರ್ಷ ತಾನೇ ತಪ್ಪು ತಿಳಿದಿದ್ದೆ ಎಂದು ಅವನು ಅಂದುಕೊಂಡ. ಹೋಗುವಾಗ ಮಾಕ್ ಸುಕ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಫೋಟೋ ಅಷ್ಟು ಚೆನ್ನಾಗಿಲ್ಲ, ಬಾಯಲ್ಲಿ ಉಂಡೆ ಇದೆ ಎಂದಷ್ಟೇ ಹೇಳಿದ.

ಮುಂದಿನ ವಾರ ಸ್ಟುಡಿಯೋದಲ್ಲಿ ತೆಗೆಸಿದ ಹೊಸ ಫೋಟೋ ಬಂತು, ಚಿನ್ನದ ಬಣ್ಣದ ಕಟ್ಟು ಹಾಕಿಸಿ, ತೊಟ್ಟಿಯ ಹಿಂಬದಿಗೆ ಸರಿಯಾದ ಅಳತೆಗೆ. ಟೇಪಿನ ಕೆಲಸ ವ್ಯರ್ಥವಾಗಿರಲಿಲ್ಲ. ಭಾವ ಆಗಾಗ ಬರತೊಡಗಿದ್ದರಿಂದ ಅದನ್ನು ತೆಗೆಯುವಂತೆಯೂ ಇಲ್ಲ. ತೊಂದರೆ ಏನೆಂದರೆ, ಆ ಫೋಟೋದಲ್ಲಿ ಅವನು ನಗುತ್ತಿದ್ದಾನೆ. ಮೀನುಗಳಿಗೆ ಅದರ ಲೆಕ್ಕವೇ ಇಲ್ಲ. ಕೆಲವು ಗಲ್ಲದ ಬಳಿ, ಕೆಲವು ಕಿವಿಯ ಹಿಂದೆ, ಯಾರ ಹಂಗೂ ಇಲ್ಲದೆ ಅಲೆಯುತ್ತಿರುತ್ತವೆ.

ಸಂಜೆ ಎದುರುಮನೆಯಿಂದ ಮಜಾಂಗ್ ಕಾಯಿಗಳ ಸದ್ದು ಬರುತ್ತಿರುವಾಗ ಮಾಕ್ ಸುಕ್ ತೊಟ್ಟಿಯ ಮುಂದೆ ಚಹಾ ಹಿಡಿದು ಕೂರುತ್ತಾನೆ. ಮೊನ್ನೆ ಹಾಗೆ ಕೂತಿದ್ದಾಗ ಒಂದು ಮೀನು ಗುಂಪಿನಿಂದ ಬೇರೆಯಾಗಿ ಭಾವನ ಮೂಗಿನ ತುದಿಯಲ್ಲಿ ನಿಂತಿತು. ಅಭ್ಯಾಸಬಲ, ಮಾಕ್ ಸುಕ್ ಒಂದು ಕೈ ಎತ್ತಿದ.